ನಾವು ತಲೆಯಾಡಿಸಿದ್ದು ‘ಬೇಡ’ ಎಂದು

ಕರಾವಳಿಯ ಜೌಗು ನೆಲ ಮತ್ತು ವಲಸೆ ಹಕ್ಕಿಗಳ ರಕ್ಷಣಾ ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ಕಪ್ಪು ಸಮುದ್ರವನ್ನು ಒಂದು ತಲೆಮಾರಿನ ಕಾಲ ನಡೆಸಿದವನು ನಾನು. ‘ಬಾ’ ಎಂದರೆ ಅದು ಬರುತ್ತಿತ್ತು, ‘ಸಾಕು’ ಎಂದರೆ ನಿಲ್ಲುತ್ತಿತ್ತು. ಆಚೆ ದಡದಲ್ಲಿ ಒಂದು ಅಲೆ ಏಳಬೇಕಾದರೂ ಗ್ಲಾರುಸೊವೊ ಊರಿನ ಈ ಸ್ಟಾಮಾತ್ ಎದ್ದಿದ್ದಾನೋ ಇಲ್ಲವೋ ಎಂದು ಮೊದಲು ವಿಚಾರಿಸಿಕೊಳ್ಳುತ್ತಿತ್ತು. ಆಫ್ರಿಕಾದಿಂದ ಉತ್ತರದ ಹಿಮಕ್ಕೆ ಹೊರಟ ಹಕ್ಕಿಗಳು ಆಕಾಶದಿಂದ ನನ್ನ ಟೋಪಿ ಕಂಡ ಮೇಲೆಯೇ ರೆಕ್ಕೆ ಮಡಚುತ್ತಿದ್ದವು. ಅಂಥವನ ಕೈಯಿಂದ ತೂಬಿನ ಹಿಡಿ ಕಿತ್ತುಕೊಂಡು, ತೂಬಿನ ಬಾಯಿಗೆ ಕಬ್ಬಿಣದ ಹಲಗೆ ಬೆಸೆದು, ನಮ್ಮ ಉಪ್ಪು ಸರೋವರವನ್ನು ನೀವು ಕೊಂದಿರಿ. ಕೊಂದದ್ದಷ್ಟೇ ಆಗಿದ್ದರೆ ಹೋಟೆಲಿನಲ್ಲಿ ಕೂತು ನಿಮ್ಮನ್ನು ಬಯ್ದು ಸುಮ್ಮನಾಗುತ್ತಿದ್ದೆ. ಆದರೆ ‘ಊರವರೆಲ್ಲ ಒಪ್ಪಿದ್ದರು’ ಎಂದು ದೇಶವಿದೇಶಗಳ ಸಭೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೀರಲ್ಲ, ಅದಕ್ಕೆ ಈ ಪತ್ರ. ನಾವು ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ನಿಮಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದಕ್ಕೆ ನನ್ನ ಹೆಂಡತಿ ಕೆರಾ ಸಾಕ್ಷಿ, ಅವಳು ಉಪ್ಪು ಹಾಕಿಟ್ಟಿದ್ದ ಮೀನು ಸಾಕ್ಷಿ. ಆ ಮಾತಿಗೆ ಬರುತ್ತೇನೆ, ಅವಸರ ಬೇಡ. ನೀವು ಇಷ್ಟು ದಿನ ನಮ್ಮನ್ನು ಕಾಯಿಸಿಲ್ಲವೆ?

ನಾನು ಕಲಿತದ್ದು ಊರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಇನ್ನು ಇವನಿಗೆ ಕಲಿಸುವುದೇನೂ ಉಳಿದಿಲ್ಲ ಎಂದು ಮೇಷ್ಟ್ರೇ ನನ್ನನ್ನು ಮನೆಗೆ ಕಳಿಸಿದರು. ಆಮೇಲೆ ನಮ್ಮಪ್ಪನ ಕೆಲಸ ನನಗೆ ಬಂತು, ಉಪ್ಪಿನ ಮಡಿಗಳ ನೀರುಗಂಟಿ. ಕೆಲಸ ಹೇಳಲು ಸುಲಭ. ಮಾರ್ಚ್ ತಿಂಗಳಲ್ಲಿ ತೂಬು ಎತ್ತಿ ಸಮುದ್ರವನ್ನು ಸರೋವರಕ್ಕೆ ಬಿಡಬೇಕು, ಮೊಣಕಾಲು ಮುಳುಗದಷ್ಟು ನೀರು ನಿಂತಾಗ ಇಳಿಸಬೇಕು, ಬೇಸಿಗೆಯುದ್ದಕ್ಕೂ ಬಿಸಿಲು ಕುಡಿದಷ್ಟನ್ನು ಮತ್ತೆ ತುಂಬಬೇಕು. ಆಗಸ್ಟ್ ಮುಗಿಯುವಾಗ ಮಡಿಗಳಲ್ಲಿ ಉಪ್ಪು. ನಡುವಿನ ತಿಂಗಳುಗಳಲ್ಲಿ ಆ ತೆಳುನೀರಿನ ನಡುವಿನ ಮಣ್ಣುದಿಬ್ಬದ ಮೇಲೆ ಹಕ್ಕಿಗಳ ಸಂಸಾರ. ಕೊಕ್ಕು ಮೇಲಕ್ಕೆ ಬಾಗಿದ, ನಾವು ಕತ್ತಿಕೊಕ್ಕು ಎನ್ನುವ ಕಪ್ಪು ಬಿಳುಪಿನ ಹಕ್ಕಿ, ಅದರ ಪಕ್ಕದಲ್ಲಿ ಗಲಾಟೆ ಮಾಡುವ, ಮೀನುಗಾತಿ ಎಂಬ ಬಿಳಿ ಹಕ್ಕಿಗಳು. ಗೂಡು ಕಟ್ಟದೆ ದಾರಿಯಲ್ಲಿ ಹಸಿವು ತೀರಿಸಿಕೊಂಡು ಉತ್ತರಕ್ಕೆ ಹಾರುವ ಸಣ್ಣಪುಟ್ಟ ಕೆಸರುಹಕ್ಕಿಗಳು ಬೇರೆ. ಈ ನೀರನ್ನು ದೇವರು ತುಂಬಿಸಿದ್ದಲ್ಲ, ಮಾನ್ಯರೇ. ದೇವರು ಸಮುದ್ರ ಮಾಡಿ ಕೈ ತೊಳೆದುಕೊಂಡ. ಸರೋವರದ ಅಳತೆ ನೋಡಿಕೊಂಡದ್ದು ನಮ್ಮಪ್ಪ, ಆಮೇಲೆ ನಾನು.

ನಿಮ್ಮ ದೊಡ್ಡ ಒಪ್ಪಂದಗಳನ್ನು ನಾನು ಹೀಯಾಳಿಸುವವನಲ್ಲ. ಹೋಟೆಲಿನಲ್ಲಿ ಕೆಲವರು ಕೇಳುತ್ತಾರೆ: ‘ಯಾರದೋ ದೇಶದ ಹಕ್ಕಿ, ಅದಕ್ಕೆ ನಮ್ಮೂರಲ್ಲಿ ಯಾಕೆ ಮೀಟಿಂಗು?’ ಅಂಥವರ ಬಾಯಿ ಮುಚ್ಚಿಸಿದವನು ನಾನೇ. ಒಂದು ಹಕ್ಕಿ ಒಂದು ದೇಶದಲ್ಲಿ ಮೊಟ್ಟೆಯಿಡುತ್ತದೆ, ಇನ್ನೊಂದರಲ್ಲಿ ಉಣ್ಣುತ್ತದೆ, ಮತ್ತೊಂದರಲ್ಲಿ ಚಳಿಗಾಲ ಕಳೆಯುತ್ತದೆ. ಮೂರು ಮನೆಯವರು ಸೇರಿ ಒಂದು ಮದುವೆ ಮಾಡಿದ ಹಾಗೆ. ಹೆಣ್ಣಿನ ಮನೆಯಲ್ಲಿ ಚಪ್ಪರ ಎದ್ದಿದೆ, ಗಂಡಿನ ಮನೆಯಲ್ಲಿ ಹಾಸಿಗೆ ಹಾಸಿದೆ, ಅಡುಗೆ ಒಪ್ಪಿಕೊಂಡ ಮೂರನೆಯ ಮನೆಯವರು ಒಲೆಗೆ ನೀರು ಸುರಿದು ಮಲಗಿದರೆ ಆ ಮದುವೆಯ ಗತಿ ಏನು? ದಿಬ್ಬಣ ಅರ್ಧ ದಾರಿಯಲ್ಲಿ ಹಸಿದು ಸಾಯಬೇಕು. ಅದಕ್ಕೇ ದೇಶದೇಶಗಳು ಕೂತು ಸಹಿ ಹಾಕುವುದು ಸರಿ ಎನ್ನುತ್ತೇನೆ. ನನ್ನ ಜಗಳ ಸಹಿಯ ಮೇಲಲ್ಲ. ಸಹಿ ಹಾಕಿದ ಕೈಯಿಂದಲೇ ಒಲೆಗೆ ನೀರು ಸುರಿದವರ ಮೇಲೆ.

ಆಚೆ ವರ್ಷದ ಅಕ್ಟೋಬರಿನ ಸಭೆಯನ್ನು ನೆನಪಿಸಿಕೊಳ್ಳಿ. ಊರ ವಾಚನಾಲಯದ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಐದು ದೇಶಗಳ ಬಾವುಟ, ಒಂದು ನೀರಿನ ಹೂಜಿ, ನೀವು, ಮತ್ತು ಉತ್ತರದಿಂದ ಬಂದ ಹಕ್ಕಿಶಾಸ್ತ್ರದ ಹೆಣ್ಣುಮಗಳು ಹಿಲ್ಕಾ. ಹಣ ಕೊಡುವ ದೇಶಗಳ ಪರವಾಗಿ ಅವಳು ಊರವರ ಅಭಿಪ್ರಾಯ ಕೇಳಿಕೊಂಡು ಹೋಗಬೇಕಾಗಿತ್ತು. ದುಭಾಷಿಯ ಖರ್ಚು ಉಳಿಸಲು ನೀವೇ ದುಭಾಷಿಯಾದಿರಿ. ಎಂಥ ತ್ಯಾಗ! ಮೊದಲು ನಿಮ್ಮ ಭಾಷಣ: ‘ಹಕ್ಕಿಗಳಿಗೆ ಗಡಿಗಳಿಲ್ಲ’. ನಾವೂ ಚಪ್ಪಾಳೆ ತಟ್ಟಿದೆವು. ಹಕ್ಕಿಗಳಿಗೆ ಗಡಿ ಬೇಕು ಎಂದು ಯಾರು ಅತ್ತಿದ್ದರೋ ಕಾಣೆ. ಆಮೇಲೆ ಗೋಡೆಯ ಮೇಲೆ ಬಣ್ಣದ ಚಿತ್ರಗಳು. ಹಳೆಯ ಮರದ ತೂಬಿನ ಜಾಗದಲ್ಲಿ ತಾನೇ ಏಳುವ ತಾನೇ ಇಳಿಯುವ ಹೊಸ ತೂಬು, ಪಕ್ಕದಲ್ಲಿ ಹಕ್ಕಿ ನೋಡುವ ಗೋಪುರ. ಹಿಲ್ಕಾ ಎದ್ದು ನಿಂತು ತನ್ನ ಭಾಷೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು. ನೀವು ಅದನ್ನು ನಮ್ಮ ಭಾಷೆಗೆ ಸರಿಯಾಗಿಯೇ ತಂದಿರಿ, ಆ ಮಟ್ಟಿಗೆ ನಿಮಗೆ ಪುಣ್ಯ: ‘ಕಾಮಗಾರಿ ಮುಗಿಯುವ ತನಕ, ಅಂದರೆ ಬರುವ ವಸಂತ ಪೂರ್ತಿ, ತೂಬು ಮುಚ್ಚಿದ್ದರೆ ನಡೆದೀತೆ? ನೀವು ಒಪ್ಪುತ್ತೀರಾ?’

ವಸಂತ ಪೂರ್ತಿ ತೂಬು ಮುಚ್ಚುವುದೆ! ಇಡೀ ಸಭಾಂಗಣ ತಲೆಯಾಡಿಸಿತು. ಗದ್ದ ಎದೆಗೆ ಬಡಿಯುವ ಹಾಗೆ, ಮೇಲೆ ಕೆಳಗೆ. ನನ್ನ ಪಕ್ಕದಲ್ಲಿದ್ದ ಪ್ರೊಡಾನ್, ಉಪ್ಪು ಬಾಚುವುದರಲ್ಲಿ ನನ್ನ ಹಳೆಯ ಜೋಡಿ, ನನ್ನ ಪಕ್ಕೆಗೆ ತಿವಿದ.

‘ಜೋರಾಗಿ ಆಡ್ಸೋ ತಲೇನ. ಆಯಮ್ಮ ಕನ್ನಡಕ ಹಾಕ್ಕೊಂಡವಳೆ, ಕಾಣ್ಲಿ.’

‘ಇನ್ನೂ ಜೋರು ಅಂದ್ರೆ ಕತ್ತು ಮುರೀತದೆ ಕಣೋ.’

‘ಮುರೀಲಿ ಬಿಡು. ಅದ್ರೊಳಗೇನು ಇದೆ ಅಂತ ಕಾಪಾಡ್ತೀಯ?’

ನಾಲಿಗೆಯಿಂದ ‘ತ್ಚ್’ ಎಂದು ಲೊಚಗುಟ್ಟುತ್ತ ಮತ್ತೆ ಆಡಿಸಿದೆವು. ಮುದುಕಿಯರು ಆಡಿಸಿದರು, ಪಾದ್ರಿ ಗಡ್ಡ ಸಮೇತ ಆಡಿಸಿದ. ನಮ್ಮ ದೇಶದಲ್ಲಿ ತಲೆ ಮೇಲೆ ಕೆಳಗೆ ಆಡಿದರೆ ‘ಇಲ್ಲ, ಬೇಡ, ಹೋಗಿ ಮುಖ ತೊಳೆದುಕೊಂಡು ಬಾ’ ಎಂದರ್ಥ. ಅಡ್ಡಡ್ಡ ಆಡಿದರೆ ‘ಹೂಂ’. ಉಳಿದ ಲೋಕ ಇದನ್ನು ತಿರುವುಮುರುವು ಮಾಡುತ್ತದೆ, ಅದು ಅವರ ಹಣೆಬರಹ. ಇದನ್ನು ನಿಮಗೆ ವಿವರಿಸುತ್ತಿಲ್ಲ, ಮಾನ್ಯರೇ. ನೀವು ಇಲ್ಲಿಯ ಮೊಸರು ಕುಡಿದೇ ಬೆಳೆದವರು, ‘ಬೇಡ’ ಎಂದು ನೀವು ಮೊದಲು ತಲೆಯಾಡಿಸಿದ್ದು ನಿಮ್ಮ ತಾಯಿಯ ಚಮಚದ ಮುಂದೆ. ಈ ಪತ್ರವನ್ನು ಆ ಐದು ದೇಶಗಳವರೂ ಯಾರಿಂದಲಾದರೂ ಓದಿಸಿಕೊಂಡಾರು ಎಂದು ಬರೆಯುತ್ತಿದ್ದೇನೆ. ಹಿಲ್ಕಾಳ ಕಣ್ಣಲ್ಲಿ ನೀರು ಬಂತು. ಎದೆಯ ಮೇಲೆ ಕೈಯಿಟ್ಟು ನಮಗೆ ಬಾಗಿದಳು. ‘ನೋಡ್ರಪ್ಪ, ನಮ್ಮ ದುಃಖ ಅವಳಿಗೆ ಅರ್ಥವಾಯಿತು’ ಎಂದುಕೊಂಡು ನಾವೂ ಬಾಗಿದೆವು. ನೀವು ಆಕೆಯ ಪಕ್ಕದಲ್ಲೇ ನಿಂತಿದ್ದಿರಿ. ದುಭಾಷಿಯ ಬಾಯಿಂದ ಒಂದೇ ಒಂದು ಮಾತು ಬರಬೇಕಾಗಿತ್ತು. ನೀವು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದಿರಿ.

ಪಾಪ, ಅಧಿಕಾರಿಗಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲವೇನೋ, ಪರದೇಶದಲ್ಲಿ ಓದಿ ಬಂದವರು, ಮರೆತರೇನೋ ಎಂದು ನಾನೂ ಒಮ್ಮೆ ಅಂದುಕೊಂಡದ್ದುಂಟು. ಅದಕ್ಕೇ ಮೀನಿನ ಸಾಕ್ಷಿ ಬೇಕಾಗಿರುವುದು. ಸಭೆ ಮುಗಿದ ಮೇಲೆ ಊಟ ನಮ್ಮ ಮನೆಯಲ್ಲಿ. ಊರಿನ ಮರ್ಯಾದೆಯ ಪ್ರಶ್ನೆ ಬಂದಾಗ ಎಲ್ಲರೂ ನಮ್ಮ ಮನೆಯ ಕಡೆಗೇ ಕೈ ತೋರಿಸುತ್ತಾರೆ, ನಾನೇನು ಮಾಡಲಿ? ಕೆರಾ ನಮ್ಮದೇ ಮಡಿಯ ಉಪ್ಪಿನಲ್ಲಿ ಊರಿಸಿದ್ದ ಲಕೆರ್ದಾ ಮೀನು ತೆಗೆದಳು. ಹಿಲ್ಕಾ ಒಂದು ತುಂಡು ತಿಂದಳು. ಕೆರಾ ಎರಡನೆಯದು ಹಿಡಿದಳು. ಹಿಲ್ಕಾ ನಗುತ್ತ ತಲೆಯನ್ನು ಅಡ್ಡಡ್ಡ ಆಡಿಸಿದಳು. ನಮ್ಮ ಮನೆಯಲ್ಲಿ ಅದಕ್ಕೆ ‘ಹೂಂ, ಹಾಕಿ’ ಎಂದರ್ಥ. ಕೆರಾ ಹಾಕಿದಳು. ಮತ್ತೆ ಹಿಡಿದಳು, ಮತ್ತೆ ತಲೆ ಅಡ್ಡಡ್ಡ ಆಡಿತು, ಮತ್ತೆ ಬಿತ್ತು. ಹಿಲ್ಕಾಳ ಮುಖ ಕೆಂಪಾಗಿ, ತಲೆ ಬೀಸಣಿಗೆಯಂತೆ ಆಡತೊಡಗಿತು.

‘ಅಯ್ಯೋ, ಎಷ್ಟು ಹಸಿದಿದೆಯೋ ಕೂಸು! ಇವರ ದೇಶದಲ್ಲಿ ಊಟಾನೇ ಹಾಕಲ್ವಾ?’ ಎಂದು ಕೆರಾ ಇಡೀ ಬೋಗುಣಿಯನ್ನೇ ತಂದಿಟ್ಟಳು.

ಆಗ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ, ಮಾನ್ಯರೇ. ಕೆರಾಳ ಕೈ ಹಿಡಿದು ತಡೆದಿರಿ. ನಿಮ್ಮ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ: ‘ಸಾಕಮ್ಮಾ, ಸಾಕು! ಅವರು ಬೇಡ ಅಂತಿದಾರೆ. ಅವರ ಕಡೆ ತಲೆ ಹಿಂಗಾಡಿಸಿದ್ರೆ ಬೇಡ ಅಂತ. ನಮಗೆ ಉಲ್ಟಾ.’

ಕೆರಾ ಬಾಯಿಗೆ ಕೈಯಿಟ್ಟುಕೊಂಡಳು. ಎಲ್ಲರೂ ನಕ್ಕೆವು. ನಾನಂತೂ ಎಲ್ಲರಿಗಿಂತ ಜೋರಾಗಿ ನಕ್ಕೆ, ನಗುವುದರಲ್ಲೂ ನಾನು ಊರಿಗೆ ಮೊದಲಿಗ. ನಗುವಿನ ನಡುವೆ ಸಭೆಯ ನೆನಪು ನನಗೆ ಬರಲಿಲ್ಲ. ನಿಮಗೆ ಬಂದಿರಲೇಬೇಕು, ಏಕೆಂದರೆ ನಗು ಥಟ್ಟನೆ ನಿಂತಿತು, ನೀವು ಗಡಿಯಾರ ನೋಡಿಕೊಂಡಿರಿ. ಹಿಲ್ಕಾಳಿಗೆ ಮಾತ್ರ ನೀವು ನಗುವಿನ ಕಾರಣ ಹೇಳಲಿಲ್ಲ. ಈ ಮನೆಯ ಅಮ್ಮನಿಗೆ ಸ್ವಲ್ಪ ಕಿವಿ ಮಂದ, ಅದಕ್ಕೇ ನಗು ಎಂದು ಅವಳಿಗೆ ಹೇಳಿದಿರಂತೆ. ಒಂದು ತುಂಡು ಮೀನಿಗೆ ತಲೆಯ ಅರ್ಥ ಬಿಡಿಸಿದವರಿಗೆ ಒಂದು ಇಡೀ ಸರೋವರಕ್ಕೆ ಬಿಡಿಸಲು ನಾಲಿಗೆ ಏಳಲಿಲ್ಲವೆ? ನಿಮ್ಮ ದೃಷ್ಟಿಯಲ್ಲಿ ಮೀನಿನ ಬೆಲೆ ಹೆಚ್ಚೋ, ಗೋಪುರದ ಗುತ್ತಿಗೆಯ ಬೆಲೆ ಹೆಚ್ಚೋ?

ಫೆಬ್ರವರಿಯಲ್ಲಿ ತೂಬಿನ ಹತ್ತಿರ ಕಿಡಿ ಹಾರುತ್ತಿರುವುದು ಕಂಡು ಓಡಿದೆ. ಗುತ್ತಿಗೆದಾರನ ವೆಲ್ಡರ್ ಮಂಡಿಯೂರಿ ಕಬ್ಬಿಣದ ಹಲಗೆಯನ್ನು ಬೆಸೆಯುತ್ತಿದ್ದ.

‘ಏಯ್! ಯಾರಪ್ಪಂದು ಅಂತ ಮುಚ್ತಿದೀಯ?’ ಎಂದೆ.

ಅವನು ಮುಖದ ಗಾಜು ಎತ್ತಿದ. ‘ನನ್ನ ಮೇಲೆ ಯಾಕೆ ಕೂಗಾಡ್ತೀರಾ ಚಿಕ್ಕಪ್ಪ? ನಿಮ್ಮೂರೋರೇ ಒಪ್ಪಿದ್ದಂತಲ್ಲ. ಒಬ್ಬನೂ ಬಿಡದೆ ತಲೆಯಾಡಿಸಿದ್ರಂತೆ.’

‘ಹೌದು, ಆಡಿಸಿದ್ವಿ! ಬೇಡ ಅಂತ ಆಡಿಸಿದ್ವಿ!’

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೂತಲ್ಲೇ ನಗತೊಡಗಿದ. ‘ಅಯ್ಯಯ್ಯೋ. ಆಯಮ್ಮ ಹೊರಗಿನೋಳು, ಸರಿ. ಸಾಹೇಬ್ರು ಅಲ್ಲೇ ಇದ್ರಲ್ಲ?’

ವೆಲ್ಡರ್‌ಗೆ ಅರ್ಧ ನಿಮಿಷದಲ್ಲಿ ಹೊಳೆದ ಪ್ರಶ್ನೆ ಅದು. ನಾನೂ ಅದನ್ನೇ ಕೇಳುತ್ತಿದ್ದೇನೆ: ನೀವು ಅಲ್ಲೇ ಇದ್ದಿರಲ್ಲ?

ಹಕ್ಕಿಗಳು ಮಾರ್ಚಿನಲ್ಲಿ ಬಂದವು. ನಿಮ್ಮ ಕಾಮಗಾರಿಯ ಸುದ್ದಿ ಅವುಗಳಿಗೆ ಮುಟ್ಟಿರಲಿಲ್ಲ. ಚಳಿಗಾಲದ ಮಳೆನೀರು ಇನ್ನೂ ಸ್ವಲ್ಪ ನಿಂತಿದ್ದರಿಂದ ಮೋಸಹೋಗಿ ದಿಬ್ಬದ ಮೇಲೆ ಮೊಟ್ಟೆಯಿಟ್ಟವು. ಮೇ ತಿಂಗಳ ಗಾಳಿ ಬೀಸಿದ್ದೇ ನೀರು ಹಿಂದೆ ಸರಿಯಿತು. ಕೆಸರು ಬಿರುಕುಬಿಟ್ಟಿತು. ಒಂದು ಬೆಳಿಗ್ಗೆ ನೋಡುತ್ತೇನೆ, ದಡದಿಂದ ದಿಬ್ಬಕ್ಕೆ ಒಣನೆಲದ ದಾರಿ ಬಿದ್ದಿದೆ. ಆ ದಾರಿಯಲ್ಲಿ ನರಿಗಳು ಸಂತೆಯಿಂದ ವಾಪಸು ಬರುವವರ ಹಾಗೆ, ಅವಸರವಿಲ್ಲದೆ, ಬಾಯಿ ಒರೆಸಿಕೊಳ್ಳುತ್ತ ಬರುತ್ತಿವೆ. ಹಕ್ಕಿಗಳಿಗೆ ಗಡಿಗಳಿಲ್ಲ ಎಂದಿರಿ. ನಿಮ್ಮ ಕೃಪೆಯಿಂದ ನರಿಗಳಿಗೂ ಇಲ್ಲವಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವವರನ್ನು ಕಂಡಿದ್ದೇನೆ. ಸೂರೆಯಾಗಲಿ ಎಂದೇ ಮೊದಲು ಬಾಗಿಲು ಮುಚ್ಚಿದವರನ್ನು ಕಂಡದ್ದು ಇದೇ ಮೊದಲು.

ಉಳಿದ ಗೂಡುಗಳನ್ನಾದರೂ ಕಾಪಾಡೋಣವೆಂದು ನಾನೂ ಪ್ರೊಡಾನನೂ ಕಲ್ಲಂಗಡಿ ತೋಟದವನ ಡೀಸೆಲ್ ಪಂಪನ್ನು ಬಾಡಿಗೆಗೆ ತಂದು, ಒಡ್ಡಿನ ಮೇಲಿಂದ ಕೊಳವೆ ಹಾಕಿ ಸಮುದ್ರ ಎತ್ತತೊಡಗಿದೆವು. ಸಮುದ್ರಕ್ಕೂ ನಾಚಿಕೆಯಾಗಿರಬೇಕು. ಬಿದ್ದ ನೀರನ್ನೆಲ್ಲ ಬಿರುಕುಗಳು ಕುಡಿದವು. ಆದರೂ ದಿಬ್ಬದ ಸುತ್ತ ಒಂದು ಪಟ್ಟಿ ಒದ್ದೆಯಾಗುತ್ತ ಬಂತು, ಎರಡು ರಾತ್ರಿ ನರಿ ದಾಟಲಿಲ್ಲ. ಆಗ ನಿಮ್ಮ ಕಚೇರಿಯ ಕಾವಲುಗಾರ ಜೀಪಿನಲ್ಲಿ ಬಂದ.

‘ಚಿಕ್ಕಪ್ಪ, ಇಂಜಿನ್ ನಿಲ್ಸಿ. ಹಕ್ಕಿಗಳಿಗೆ ತೊಂದ್ರೆಯಾಗುತ್ತೆ.’

‘ಯಾವ ಹಕ್ಕಿಗೆ ಮಗಾ? ತೋರ್ಸು.’

ಅವನು ಬೈನಾಕ್ಯುಲರ್ ಎತ್ತಿ ಆ ಕಡೆ ಈ ಕಡೆ ನೋಡಿದ. ‘ಅದೇನೇ ಇರ್ಲಿ, ರೂಲ್ಸು ಅಂತ ಇದೆಯಲ್ಲ.’

‘ನರಿಗಳಿಗೂ ಇದೆಯಾ ರೂಲ್ಸು?’ ಎಂದು ಪ್ರೊಡಾನ್ ಕೇಳಿದ.

‘ನರಿ ಯಂತ್ರ ಬಳಸಲ್ಲ’ ಎಂದ ಆ ಪುಣ್ಯಾತ್ಮ. ರಕ್ಷಿತ ಪ್ರದೇಶದಲ್ಲಿ ಯಂತ್ರ ಓಡಿಸಿದ್ದಕ್ಕೆ ನಮಗೆ ದಂಡ ಬಿತ್ತು. ಪಂಪು ನಿಂತಿತು. ಮರುದಿನ ದಿಬ್ಬದ ಮೇಲೆ ಚಿಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಕತ್ತಿಕೊಕ್ಕು ಮಾತ್ರ ಬರಿದಾದ ಗೂಡಿನ ಮೇಲೆ ಕಾವು ಕೂತಿತ್ತು. ಪ್ರೊಡಾನ್ ಟೋಪಿ ತೆಗೆದ. ನಾನು ಅವನಿಗೆ ಗಾಳಿ ಜಾಸ್ತಿ ಎಂದು ಹೇಳಿ ಆ ಕಡೆ ತಿರುಗಿಕೊಂಡೆ.

ಜೂನಿನಲ್ಲಿ ಹಿಲ್ಕಾ ಮರಿಗಳ ಕಾಲಿಗೆ ಉಂಗುರ ತೊಡಿಸಲು ಬಂದಳು. ಉಂಗುರದ ಡಬ್ಬಿ ತುಂಬಿತ್ತು, ಕಾಲುಗಳಿರಲಿಲ್ಲ. ಚಳಿಗಾಲದಲ್ಲಿ ಅವಳು ನಮ್ಮ ಭಾಷೆ ಕಲಿತಿದ್ದಳು, ಪುಸ್ತಕದಿಂದ. ‘ಸ್ಟಾಮಾತ್ ಅವರೇ, ನೀವು ಏಕೆ ಒಪ್ಪಿಗೆ ಕೊಟ್ಟಿರಿ?’ ಎಂದು ಕೇಳಿದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನೊಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಕೆರಾ ಒಳಗಿನಿಂದ ಲಕೆರ್ದಾದ ಬೋಗುಣಿ ತಂದು ಅವಳ ಮುಂದೆ ಹಿಡಿದಳು. ಹಿಲ್ಕಾ ಅಭ್ಯಾಸಬಲದಿಂದ ತಲೆಯನ್ನು ಅಡ್ಡಡ್ಡ ಆಡಿಸಿದಳು. ಕೆರಾ ‘ಬೇಡ ಅನ್ನೋಕೆ ನೀನು ಹಿಂಗೆ’ ಎಂದು ಅವಳಂತೆ ಆಡಿಸಿ, ‘ನಾವು ಹಿಂಗೆ’ ಎಂದು ಗದ್ದವನ್ನು ಎದೆಗೆ ತಾಗಿಸಿದಳು. ಹಿಲ್ಕಾ ಉಂಗುರದ ಡಬ್ಬಿಯನ್ನು ನೆಲದ ಮೇಲಿಟ್ಟಳು. ಆಮೇಲೆ ಹೇಳಿದಳು, ಅವರ ಕಡೆ ಈ ವರ್ಷ ಕೆಸರುಹಕ್ಕಿಗಳು ತಡವಾಗಿ, ಎದೆಯ ಮೂಳೆ ಕೈಗೆ ಸಿಗುವಷ್ಟು ಬಡಕಲಾಗಿ ಬಂದವಂತೆ. ಹಲವು ಹಕ್ಕಿಗಳು ಗೂಡನ್ನೇ ಕಟ್ಟಲಿಲ್ಲವಂತೆ. ಅಲ್ಲಿಯ ರೈತರು ಅವುಗಳಿಗಾಗಿ ಹುಲ್ಲು ಕೊಯ್ಯದೆ ಕಾದಿದ್ದರಂತೆ. ನಾವು ಕಂಡು ಕೇಳರಿಯದ ರೈತರು, ಮಾನ್ಯರೇ, ತಮ್ಮ ಪಾಲಿನ ಚಪ್ಪರ ಹಾಕಿ ಕಾದು ಕೂತಿದ್ದರು.

ಅವಳು ನಿಮ್ಮ ಕಚೇರಿಗೆ ಬಂದಾಗ ನಾನೂ ಜೊತೆಗಿದ್ದೆ. ಹೊಸ ತೂಬು ಇನ್ನೂ ಬಂದಿಲ್ಲ, ಗೋಪುರ ಮಾತ್ರ ಎದ್ದಿದೆ ಎಂದಿರಿ. ಅದು ನಮಗೂ ಕಾಣುತ್ತದೆ, ಮೂರು ಊರಿಗೆ ಕಾಣುತ್ತದೆ. ಅದರ ಮೇಲೆ ಹತ್ತಿದರೆ ನರಿಗಳು ಚೆನ್ನಾಗಿ ಕಾಣುತ್ತವೆ. ಹಲಗೆ ಕತ್ತರಿಸಿ ಹಳೆಯ ತೂಬನ್ನೇ ಎತ್ತಬಹುದಲ್ಲ ಎಂದು ಹಿಲ್ಕಾ ಕೇಳಿದಳು. ಕತ್ತರಿಸಲು ಮತ್ತೆ ಊರವರ ಒಪ್ಪಿಗೆ ಬೇಕು, ಕಡತದಲ್ಲಿ ಮುಚ್ಚಲು ಒಪ್ಪಿಗೆ ಇದೆ ಎಂದಿರಿ. ನಾನು ಮೇಜಿನ ಮೇಲೆ ಬಗ್ಗಿ ಕೇಳಿದೆ: ‘ಬರೋ ಮಾರ್ಚಿಗೆ ಮೊದ್ಲು ತೂಬು ತೆಗೀತೀರಾ ಸ್ವಾಮಿ?’ ನೀವು ತಲೆಯಾಡಿಸಿದಿರಿ. ಮೇಲೆ ಕೆಳಗೆ. ಹಿಲ್ಕಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇದು ಅವಳ ದೇಶದ ತಲೆಯೋ, ನಮ್ಮ ದೇಶದ ತಲೆಯೋ? ‘ಬಾಯಲ್ಲಿ ಹೇಳಿ’ ಎಂದೆ. ‘ನೋಡೋಣ ಚಿಕ್ಕಪ್ಪ’ ಎಂದಿರಿ. ಎರಡು ಭಾಷೆ ಕಲಿತದ್ದು ಎರಡರಲ್ಲೂ ಉತ್ತರ ಕೊಡದಿರಲೆಂದೆ?

ಈಗ ಜನವರಿ. ಈ ಸಲ ಚಳಿಗಾಲದ ಮಳೆಯೂ ಇನ್ನೂ ಬಂದಿಲ್ಲ. ಗಾಳಿಗೆ ಸರೋವರದ ಒಣ ಕೆಸರು ಪುಡಿಯಾಗಿ ಎದ್ದು ಊರ ಹೊಲಗಳ ಮೇಲೆ ಕೂರುತ್ತಿದೆ. ಕತ್ತಿಕೊಕ್ಕುಗಳು ಬೆಚ್ಚಗಿನ ದಕ್ಷಿಣದ ತೀರದಲ್ಲಿವೆ. ಕಳೆದ ವಸಂತದಲ್ಲಿ ಸೋತ ಜೋಡಿಗಳು ಇನ್ನೊಮ್ಮೆ ಬಂದು ನೋಡುತ್ತವೆ, ಎರಡನೆಯ ಸಲವೂ ಗೂಡು ಹಾಳಾದರೆ ಈ ಕಡೆ ಬರುವುದನ್ನೇ ಬಿಟ್ಟಾವು ಎನ್ನುತ್ತಾಳೆ ಹಿಲ್ಕಾ. ಅಂದರೆ ಉಳಿದಿರುವುದು ಒಂದೇ ವಸಂತ. ಆದ್ದರಿಂದ ನಾನು ಬೇಡುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಫೆಬ್ರವರಿ ಮುಗಿಯುವುದರೊಳಗೆ ಆ ಹಲಗೆಯನ್ನು ಕತ್ತರಿಸಿ. ಅದೇ ವೆಲ್ಡರ್ ಕೂಲಿಯಿಲ್ಲದೆ ಬರುತ್ತೇನೆಂದಿದ್ದಾನೆ. ಹೊಸ ತೂಬು ಬರುವ ತನಕ ಹಳೆಯದನ್ನು ಎತ್ತಿ ಇಳಿಸಲು ಬಿಡಿ. ನನ್ನ ಕೈಗೇ ಕೊಡಿ ಎಂದೂ ಕೇಳುವುದಿಲ್ಲ, ಪ್ರೊಡಾನನಿಗೆ ಕೊಡಿ, ಅವನು ಹೇಗೂ ನನ್ನನ್ನೇ ಕೇಳಿ ಮಾಡುತ್ತಾನೆ. ಐದು ದೇಶಗಳವರನ್ನು ಕರೆದು ಅದೇ ವಾಚನಾಲಯದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಈ ಸಲ ಎಲ್ಲರ ಕತ್ತೂ ನೆಟ್ಟಗಿರಲಿ. ಒಬ್ಬೊಬ್ಬರೂ ಎದ್ದು ನಿಂತು ಬಾಯಿ ತೆರೆದು ಹೇಳುತ್ತೇವೆ. ಹಿಲ್ಕಾ ಬರೆದುಕೊಳ್ಳುತ್ತಾಳೆ, ಅವಳಿಗೆ ಈಗ ದುಭಾಷಿ ಬೇಕಿಲ್ಲ. ಆಕೆಗೆ ಮೊದಲ ಸಭೆಯಲ್ಲಿ ಏನು ಮುಚ್ಚಿಟ್ಟಿರಿ ಎಂಬುದನ್ನು ನೀವೂ ಎದ್ದು ನಿಂತು, ಬಾಯಿ ತೆರೆದು ಹೇಳಿ.

ಇನ್ನೊಂದು ಮಾತು ಉಳಿದಿದೆ. ‘ಪಂಪಿಗೆ ಹಾಕಿದ ಇಪ್ಪತ್ತು ಸಾವಿರ ಲೇವವನ್ನು ವಸೂಲಿ ಮಾಡಲು ಈತ ಹಕ್ಕಿಗಳ ಹೆಸರಲ್ಲಿ ಕೂಗಾಡುತ್ತಿದ್ದಾನೆ’ ಎಂದು ನೀವು ಪತ್ರಿಕೆಯವರಿಗೆ ಹೇಳಿದ್ದೀರಂತೆ. ಆ ಲೆಕ್ಕ ಹೋಟೆಲಿನಲ್ಲಿ ನಾನೇ ಹೇಳಿದ್ದು, ನಿಜ. ಮೊದಲು ಎರಡು ಸಾವಿರ ಎಂದಿದ್ದೆ, ಯಾರೂ ತಿರುಗಿ ನೋಡಲಿಲ್ಲ. ಕೆರಾ ಈ ಪತ್ರ ಓದಿ, ‘ಒಂದು ಸುಳ್ಳು ಸಿಕ್ಕಿದ್ರೆ ಸಾಕು, ಅವರು ತೂಬನ್ನೂ ಸುಳ್ಳು ಅಂತಾರೆ. ಇದ್ದದ್ದು ಬರಿ’ ಎಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ. ಬರೆಯುತ್ತೇನೆ. ಪಂಪಿನ ಬಾಡಿಗೆ, ಡೀಸೆಲ್, ನಿಮ್ಮ ದಂಡ ಎಲ್ಲ ಸೇರಿ ಮುನ್ನೂರ ಎಂಬತ್ತಾರು ಲೇವ. ಅದರಲ್ಲಿ ನೂರು ಪ್ರೊಡಾನನದು. ಅದನ್ನು ನೀವೇ ಇಟ್ಟುಕೊಳ್ಳಿ. ತೂಬು ತೆಗೆಯಿರಿ.

ಇಂತಿ,
ಇನ್ನೂರ ಎಂಬತ್ತಾರು ಲೇವ ಕಳೆದುಕೊಂಡ,
ಸಮುದ್ರ ಪಕ್ಕದಲ್ಲೇ ಇದ್ದೂ ನೀರಿಲ್ಲದ ನೀರುಗಂಟಿ,
ಗ್ಲಾರುಸೊವೊದ ಸ್ಟಾಮಾತ್